ಸತ್ಯಾಂಶ: 100ರ ಪ್ಲಾನ್‌ನಲ್ಲಿ 12 ಕಾಣುವುದೇಕೆ?

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಸಂದೇಶವೊಂದಿದೆ: 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್‌ಗೆ ಹಣ ಪಡೆಯುವ ಕಂಪನಿಗಳು ಡೌನ್‌ಲೋಡ್ ವೇಳೆ 12 ಎಂಬಿಯಷ್ಟೇ ಕೊಟ್ಟು ಉಳಿದದ್ದನ್ನು ನುಂಗುತ್ತಿವೆ ಎಂಬುದು ಅದರ ಸಾರ. ಈ ಲೆಕ್ಕ ತಪ್ಪು. ಪ್ಲಾನಿನ ವೇಗವನ್ನು ಬಿಟ್‌ಗಳಲ್ಲಿ ಹೇಳಲಾಗುತ್ತದೆ, ಕಂಪ್ಯೂಟರು ಸಾಮಾನ್ಯವಾಗಿ ಬೈಟ್‌ಗಳಲ್ಲಿ ತೋರಿಸುತ್ತದೆ. 8 ಬಿಟ್‌ಗೆ 1 ಬೈಟ್ ಆಗುವುದರಿಂದ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಇಂಗ್ಲಿಷಿನಲ್ಲಿ ಸಣ್ಣ ಮತ್ತು ದೊಡ್ಡ ‘ಬಿ’ ಈ ವ್ಯತ್ಯಾಸವನ್ನು ಸೂಚಿಸುತ್ತವೆ. ಕನ್ನಡದಲ್ಲಿ ಎರಡನ್ನೂ ‘ಎಂಬಿ’ ಎಂದೇ ಬರೆಯುವ ನಾವು ಗೊಂದಲಕ್ಕೆ ಬೀಳುವುದು ಸಹಜವೇ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ವೇಗವಿರಬೇಕು. ಅದೂ ಮೆಗಾಬಿಟ್ ಲೆಕ್ಕವೇ.

ಪರೀಕ್ಷಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ, ಮನೆಯ ಇತರ ಫೋನು, ಟಿವಿಗಳ ಸಂಪರ್ಕ ತಪ್ಪಿಸಿ, 1 ಜಿಬಿ ಕಡತವೊಂದನ್ನು ಇಳಿಸಿಕೊಳ್ಳುತ್ತಾ ಗಡಿಯಾರ ನೋಡಿದರೆ, 80 ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯಬೇಕು. ಕಡತ ಕಳಿಸುವ ಸರ್ವರ್ ನಿಧಾನವಿರಬಹುದಾದ್ದರಿಂದ ಎರಡು ಬೇರೆ ತಾಣಗಳಲ್ಲಿ ಪ್ರಯತ್ನಿಸುವುದು ಒಳ್ಳೆಯದು. ಕೇಬಲ್‌ನಲ್ಲಿ ಸರಿಯಾಗಿದ್ದು ವೈಫೈನಲ್ಲಿ ಕುಸಿದರೆ, ರೂಟರ್ ಎಲ್ಲಿದೆ ನೋಡಿ. ನಮ್ಮ ವಿಜಯನಗರದ ಮನೆಯಲ್ಲಿ ಅದು ಸ್ಟೀಲ್ ಬೀರುವಿನ ಹಿಂದೆ ಕುಳಿತಿತ್ತು, ಹಾಲ್‌ನ ಕಿಟಕಿ ಪಕ್ಕಕ್ಕೆ ತಂದ ಮೇಲೆ ಮಲಗುವ ಕೋಣೆಯಲ್ಲೂ ವೀಡಿಯೊ ನಿಲ್ಲದೆ ಓಡಿತು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತಿನಲ್ಲಿ ಕೇಬಲ್‌ನಲ್ಲೇ ವೇಗ ತೀರಾ ಕಡಿಮೆಯಿದ್ದರೆ ಮಾತ್ರ, ದಿನಾಂಕ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್‌ಗಳೊಂದಿಗೆ ದೂರು ಕೊಡಬಹುದು.