ಬಡ ಹುಡುಗರಿಗೆಂದು ಕಟ್ಟಿದ ಶಾಲೆ

2022ರಲ್ಲಿ ರಿಷಿ ಸುನಕ್ ಬ್ರಿಟನ್ ಪ್ರಧಾನಿಯಾದಾಗ ನಮ್ಮಲ್ಲಿ 'ಬೆಂಗಳೂರಿನ ಅಳಿಯ' ಅಂತ ಎಷ್ಟು ಸಂಭ್ರಮ ಇತ್ತು, ಅಲ್ವಾ? ಅವರು ಓದಿದ್ದು ವಿಂಚೆಸ್ಟರ್ ಕಾಲೇಜಿನಲ್ಲಿ. ಹೆಸರು ಕಾಲೇಜು, ಅಸಲಿಗೆ ಹಾಸ್ಟೆಲ್ ಇರುವ ಹೈಸ್ಕೂಲು. ಅಲ್ಲೇ ಉಳಿದು ಓದಲು ಫೀಸು ವರ್ಷಕ್ಕೆ 40,000 ಪೌಂಡಿಗೂ ಜಾಸ್ತಿ. ತಮಾಷೆ ಏನಂದ್ರೆ, ಆ ಶಾಲೆ ಹುಟ್ಟಿದ್ದೇ ಬಡ ಹುಡುಗರಿಗಾಗಿ.

ಕಟ್ಟಿಸಿದಾತ ವಿಲಿಯಂ ಆಫ್ ವಿಕಮ್, 14ನೇ ಶತಮಾನದ ಬಿಷಪ್. ಹ್ಯಾಂಪ್‌ಶೈರ್‌ನ ಹಳ್ಳಿಯೊಂದರ ಸಾಧಾರಣ ಮನೆಯವನು. ಯಾರೋ ಉಳ್ಳವರು ಶಾಲೆಗೆ ಹಾಕಿದರು, ಹಾಗಾಗಿ ಅಕ್ಷರ ಕಲಿತ. ಯೂನಿವರ್ಸಿಟಿ ಮೆಟ್ಟಿಲು ಹತ್ತಿದವನಲ್ಲ. ವಿಂಡ್ಸರ್ ಕೋಟೆಯ ಕಟ್ಟಡ ಕೆಲಸದ ಉಸ್ತುವಾರಿ ನೋಡಿಕೊಂಡು ರಾಜ ಮೂರನೇ ಎಡ್ವರ್ಡ್‌ನ ಕಣ್ಣಿಗೆ ಬಿದ್ದ. ಅಲ್ಲಿಂದ ಒಂದೇ ಓಟ. 1367ರ ಹೊತ್ತಿಗೆ ವಿಂಚೆಸ್ಟರಿನ ಬಿಷಪ್, ಜೊತೆಗೆ ದೇಶದ ಚಾನ್ಸಲರ್, ಅಂದರೆ ರಾಜನ ಮುಖ್ಯ ಮಂತ್ರಿ. ಬಿಷಪ್ ಆಗುವ ಮೊದಲೇ ಹತ್ತಾರು ಚರ್ಚುಗಳ ಹುದ್ದೆಗಳ ಆದಾಯ ಈತನ ಜೇಬಿಗೆ ಬರುತ್ತಿತ್ತು. ಅಲ್ಲಿ ಹೋಗಿ ಪೂಜೆ ಮಾಡಿಸುತ್ತಿದ್ದನೇ? ಎಲ್ಲಿಂದ ಬರಬೇಕು ಪುರುಸೊತ್ತು! 1376ರಲ್ಲಿ ಸರ್ಕಾರದ ಹಣ ದುರುಪಯೋಗದ ಆರೋಪ ಬಂತು, ಆಸ್ತಿ ಮುಟ್ಟುಗೋಲಾಯಿತು. ಮರುವರ್ಷ ಎಲ್ಲ ವಾಪಸ್. ಇಂಥವನನ್ನು ಸಂತ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಆದರೆ ಆತನ ತಲೆಗೆ ಮಾತ್ರ ಶರಣು. 1348-49ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಪಾದ್ರಿಗಳು ಗುಂಪುಗುಂಪಾಗಿ ಸತ್ತಿದ್ದರು. ಓದು ಬಲ್ಲವರು ಬೇಕಿತ್ತು. ಬೇರೆ ದಾನಿಗಳು ಆಕ್ಸ್‌ಫರ್ಡಿನಲ್ಲಿ ಕಾಲೇಜು ಕಟ್ಟಿಸಿ ಕೈ ತೊಳೆದುಕೊಂಡರು. ಈತನೂ 1379ರಲ್ಲಿ ಅಲ್ಲಿ ನ್ಯೂ ಕಾಲೇಜ್ ಶುರು ಮಾಡಿದ, 70 ಜನಕ್ಕೆ. ಆದರೆ ಆಗ ಪಾಠದ ಭಾಷೆಯಾಗಿದ್ದ ಲ್ಯಾಟಿನ್ ನೆಟ್ಟಗೆ ಬರದ ಹುಡುಗನನ್ನು ಆಕ್ಸ್‌ಫರ್ಡಿಗೆ ತಂದು ಕೂರಿಸಿದರೆ ಏನು ಪ್ರಯೋಜನ? ಅದಕ್ಕೇ 1382ರಲ್ಲಿ ವಿಂಚೆಸ್ಟರ್ ಶಾಲೆಗೆ ಸನ್ನದು ಬರೆಸಿದ, ಅಲ್ಲೂ 70 ಹುಡುಗರು. ಊಟ, ವಸತಿ, ಪಾಠ ಎಲ್ಲ ಬಿಟ್ಟಿ. ಇಲ್ಲಿ ಲ್ಯಾಟಿನ್ ವ್ಯಾಕರಣ ಕಲಿತವನು ಆಕ್ಸ್‌ಫರ್ಡಿಗೆ. ಖರ್ಚಿಗೆ ಜಮೀನು ಕೊಂಡು ಬರೆದಿಟ್ಟ. ಮೇಲೆ ಸೀಟು ಇಟ್ಟು ಕೆಳಗೆ ಶಾಲೆ ಕಟ್ಟದವರು ಇವತ್ತಿಗೂ ಎಷ್ಟು ಮಂದಿ ಇದ್ದಾರೆ ನೋಡಿ. ಡಿಗ್ರಿ ಕಾಲೇಜಿನ ಉದ್ಘಾಟನೆಗೆ ಬರುವ ಮಂತ್ರಿ ಪ್ರೈಮರಿ ಶಾಲೆಯ ಸೋರುವ ಛಾವಣಿ ನೋಡೋಕೆ ಬರಲ್ಲ.

ಇಷ್ಟು ಯೋಚಿಸಿದವನು ಎಡವಿದ್ದು ನಿಯಮದ ಪುಸ್ತಕದಲ್ಲೇ. ಬಡವ ಅಂದರೆ ಯಾರು? ವರ್ಷಕ್ಕೆ 5 ಮಾರ್ಕ್ (ಆಗಿನ ಹಣದ ಲೆಕ್ಕ), ಅಂದರೆ ಮೂರೂಕಾಲು ಪೌಂಡಿಗೆ ಸ್ವಲ್ಪ ಮೇಲೆ, ಅದಕ್ಕಿಂತ ಜಾಸ್ತಿ ಆದಾಯ ಇಲ್ಲದವನು. ಹೊಲದಲ್ಲಿ ದುಡಿಯುವ ಆಳಿನ ವರ್ಷದ ಕೂಲಿ ಇದಕ್ಕಿಂತ ಎಷ್ಟೋ ಕಡಿಮೆ! ಅದೂ ಹುಡುಗನ ಹೆಸರಿನ ಆದಾಯ, ಅಪ್ಪನದಲ್ಲ. ಮಧ್ಯಮ ವರ್ಗ ಆರಾಮಾಗಿ ಒಳಗೆ ನುಗ್ಗಿತು. ಇನ್ನು ಸಂಸ್ಥಾಪಕನ ನೆಂಟರಿಗೆ ಮೊದಲ ಆದ್ಯತೆ. ಆತನ ರಕ್ತಸಂಬಂಧಿ ಎಂದು ವಂಶವೃಕ್ಷ ಹಿಡಿದು ಬರುವವರು 19ನೇ ಶತಮಾನದವರೆಗೂ ಸೀಟು ಪಡೆಯುತ್ತಿದ್ದರು. ಇವೆರಡಕ್ಕಿಂತ ದೊಡ್ಡದು ಇನ್ನೊಂದು ಸಾಲು: ದೊಡ್ಡ ಮನೆತನಗಳ ಹತ್ತು ಹುಡುಗರು ತಮ್ಮ ಖರ್ಚಿನಲ್ಲಿ ಓದಬಹುದು.

ಹತ್ತೇ ಹತ್ತು. ಪ್ರಭಾವಿಗಳ ಸ್ನೇಹ ಇರಲಿ ಎಂದು ಬರೆದಿರಬೇಕು, ದರ್ಬಾರಿನಲ್ಲಿ ಪಳಗಿದವನು ತಾನೇ. ಇವತ್ತು ಹಾಗೆ ಫೀಸು ಕಟ್ಟಿ ಓದುವವರ ಸಾಲಿನಲ್ಲಿ ಆರುನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಆ 70 ಸೀಟು ಈಗಲೂ ಇವೆ, ಆದರೆ ಕಠಿಣ ಪರೀಕ್ಷೆ ಪಾಸು ಮಾಡಿದವರಿಗೆ. ಅದಕ್ಕೆ ತಯಾರಿ ಮಾಡಿಸುವ ಖಾಸಗಿ ಶಾಲೆಗಳಿಗೂ ದುಡ್ಡು ಬೇಕು. ಬಡ ಮಕ್ಕಳಿಗೆ ಫೀಸು ಬಿಡುವ ವ್ಯವಸ್ಥೆ ಇಲ್ಲ ಅಂತಲ್ಲ, ಇದೆ. ಆದರೆ ಶಾಲೆ ನಡೆಯುವುದು ಫೀಸು ಕಟ್ಟುವವರಿಂದ. 1440ರಲ್ಲಿ ರಾಜ ಆರನೇ ಹೆನ್ರಿ ವಿಂಚೆಸ್ಟರ್ ಶಾಲೆಯನ್ನೇ ನೋಡಿ ಈಟನ್ ಶಾಲೆ ಶುರು ಮಾಡಿದ. ಅಲ್ಲೂ ಬಡ ಹುಡುಗರ ಹೆಸರಲ್ಲೇ. ಈಟನ್ ಈಗ ಯಾರ ಮಕ್ಕಳ ಶಾಲೆ ಅಂತ ನಾನು ಹೇಳಬೇಕಾಗಿಲ್ಲ.