ಆ ಗುಟ್ಟು ಬಿಟ್ಟುಕೊಡುವ ಹಕ್ಕು ಯಾರಿಗಿತ್ತು?

ಹೆಸರು ಹೇಳಲ್ಲ ಅಂತ ವರದಿಗಾರ ಮಾತು ಕೊಟ್ಟ ಮೇಲೆ, ಆ ಮಾತಿನಿಂದ ಅವರನ್ನು ಬಿಡಿಸುವ ಹಕ್ಕು ಸುದ್ದಿ ಕೊಟ್ಟವರಿಗೆ ಮಾತ್ರ. ಅವರ ಮನೆಯವರಿಗಿಲ್ಲ, ವಕೀಲರಿಗಿಲ್ಲ, ಪತ್ರಿಕೆಗಂತೂ ಇಲ್ಲವೇ ಇಲ್ಲ. ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಪತ್ರಿಕೆಗೆ ಗುಟ್ಟಾಗಿ ಸುದ್ದಿ ಕೊಟ್ಟ ಮಾರ್ಕ್ ಫೆಲ್ಟ್ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ.

ವಾಟರ್‌ಗೇಟ್ ನಿಮಗೆ ಗೊತ್ತಿರುತ್ತೆ. 1972ರ ಜೂನ್‌ನಲ್ಲಿ ವಾಷಿಂಗ್ಟನ್‌ನ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐದು ಜನ ಸಿಕ್ಕಿಬಿದ್ದರು. ಅದರ ಹಿಂದೆ ತಮ್ಮ ಕಡೆಯವರ ಕೈ ಇದ್ದದ್ದು ಬಯಲಾಗಿ, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಈ ನಡುವೆ ವಾಷಿಂಗ್ಟನ್ ಪೋಸ್ಟ್‌ನ ಬಾಬ್ ವುಡ್‌ವರ್ಡ್‌ಗೆ ದಾರಿ ತೋರಿಸುತ್ತಿದ್ದವರಿಗೆ ಪತ್ರಿಕೆಯವರು ಇಟ್ಟಿದ್ದ ಅಡ್ಡಹೆಸರು 'ಡೀಪ್ ಥ್ರೋಟ್'. ಭೇಟಿ ಬೇಕು ಅನ್ನಿಸಿದಾಗ ವುಡ್‌ವರ್ಡ್ ತಮ್ಮ ಬಾಲ್ಕನಿಯಲ್ಲಿದ್ದ, ಕೆಂಪು ಬಾವುಟ ಸಿಕ್ಕಿಸಿದ ಹೂಕುಂಡವನ್ನು ಹಿಂದಕ್ಕೆ ಸರಿಸುತ್ತಿದ್ದರಂತೆ. ಆ ಕಡೆಯವರಿಗೆ ಬೇಕಾದರೆ, ಬೆಳಿಗ್ಗೆ ವುಡ್‌ವರ್ಡ್ ಮನೆಗೆ ಬರುವ ನ್ಯೂಯಾರ್ಕ್ ಟೈಮ್ಸ್‌ನ 20ನೇ ಪುಟದಲ್ಲಿ ಭೇಟಿಯ ಸಮಯ ತೋರಿಸುವ ಗಡಿಯಾರದ ಮುಳ್ಳು ಬರೆದಿರುತ್ತಿತ್ತು. ಸರಿರಾತ್ರಿಯಲ್ಲಿ, ನದಿಯಾಚೆ ಅರ್ಲಿಂಗ್ಟನ್‌ನ ಪಾರ್ಕಿಂಗ್ ನೆಲಮಾಳಿಗೆಯಲ್ಲಿ ಮಾತುಕತೆ.

ಅವರು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಫೆಲ್ಟ್. 1972ರ ಅಕ್ಟೋಬರ್‌ನಲ್ಲೇ ನಿಕ್ಸನ್ ಕಿವಿಗೆ ಈ ಹೆಸರು ಬಿದ್ದಿತ್ತು, ಕಚೇರಿಯ ಮಾತುಕತೆ ದಾಖಲಿಸಿಕೊಂಡ ಅವರದೇ ಟೇಪ್‌ನಲ್ಲಿ ಅದಿದೆ. ಆದರೂ ವರದಿಗಾರರು ಬಾಯಿ ಬಿಡಲಿಲ್ಲ. ಫೆಲ್ಟ್ ಕೂಡ 'ನಾನಲ್ಲ' ಅಂತಲೇ ಹೇಳುತ್ತಾ ಬಂದರು. 1979ರ ತಮ್ಮ ಆತ್ಮಕಥೆಯಲ್ಲೂ ಅದನ್ನೇ ಬರೆದರು.

2005ರ ಮೇ 31ರಂದು ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಹೆಸರು ಹೊರಬಿತ್ತು. ಬರೆದದ್ದು ಕುಟುಂಬದ ವಕೀಲರು. ಫೆಲ್ಟ್‌ಗೆ ಆಗ 91 ವರ್ಷ, ಪಾರ್ಶ್ವವಾಯು ಆಗಿತ್ತು, ನೆನಪು ಕೈಕೊಟ್ಟಿತ್ತು. 'ಆ ಮನುಷ್ಯ ನಾನೇ' ಅಂತ ಅವರು ಹೇಳಿದ್ದು ನಿಜ. ಆದರೆ ಯಾವ ಸ್ಥಿತಿಯಲ್ಲಿ? ಮಕ್ಕಳ ಓದಿನ ಸಾಲ ತೀರಿಸಬಹುದು ಅನ್ನೋ ಮಾತನ್ನು ಮಗಳೇ ಆ ಲೇಖನದಲ್ಲಿ ಆಡಿದ್ದಾರೆ. ಅಪ್ಪನನ್ನು ಜೊತೆಗಿಟ್ಟುಕೊಂಡು ನೋಡಿಕೊಂಡ ಮಗಳನ್ನು ನಾನು ದೂರುವುದಿಲ್ಲ. ಆದರೆ ನೆನಪು ಗಟ್ಟಿಯಿದ್ದಷ್ಟು ಕಾಲ ಅಪ್ಪ ಹೇಳಿಕೊಂಡು ಬಂದದ್ದು ಬೇರೆ, ಅಲ್ವಾ?

ಅವತ್ತು ವುಡ್‌ವರ್ಡ್, ಅವರ ಜೊತೆ ವಾಟರ್‌ಗೇಟ್ ವರದಿ ಬರೆದ ಕಾರ್ಲ್ ಬರ್ನ್‌ಸ್ಟೀನ್ ಇಬ್ಬರೂ ತಕ್ಷಣ ಹೌದು ಅನ್ನಲಿಲ್ಲ. 33 ವರ್ಷ ಕಾಪಾಡಿದ ತಮ್ಮದೇ ಸುದ್ದಿ ಬೇರೆಯವರ ಪಾಲಾಗುತ್ತಿದ್ದರೂ ತಡೆದರು. ಕೊನೆಗೆ ಅದೇ ದಿನ ಒಪ್ಪಿಕೊಂಡರು. ಆ ಕೆಲವು ಗಂಟೆಗಳ ಹಿಂಜರಿಕೆ ನನಗೆ ಅವರ ವಾಟರ್‌ಗೇಟ್ ವರದಿಗಳಷ್ಟೇ ದೊಡ್ಡದಾಗಿ ಕಾಣುತ್ತೆ.

ಫೆಲ್ಟ್ ಸಾಚಾ ಮನುಷ್ಯ ಏನಲ್ಲ ಅಂತ ವಾದಿಸುವವರಿದ್ದಾರೆ. ನಿಜ. ವಾರಂಟ್ ಇಲ್ಲದೆ ಜನರ ಮನೆಗೆ ನುಗ್ಗಲು ಒಪ್ಪಿಗೆ ಕೊಟ್ಟಿದ್ದಕ್ಕೆ 1980ರಲ್ಲಿ ಅವರು ಅಪರಾಧಿ ಅಂತ ತೀರ್ಪಾಯಿತು. ಮರುವರ್ಷ ಅಧ್ಯಕ್ಷ ರೇಗನ್ ಕ್ಷಮಿಸಿದರು. ನಿರ್ದೇಶಕರ ಹುದ್ದೆ ಕೈತಪ್ಪಿದ ಸಿಟ್ಟೂ ಇದ್ದಿರಬಹುದು. ಆದರೆ ಗುಣ ನೋಡಿ ಕೊಟ್ಟ ಮಾತಲ್ಲ ಅದು. ಕೊಟ್ಟ ಸುದ್ದಿ ನಿಜವೇ ಅಂತ ಪರೀಕ್ಷಿಸಬೇಕಿತ್ತು, ಪರೀಕ್ಷಿಸಿದರು.

ನಮ್ಮ ಬೋಫೋರ್ಸ್ ಫಿರಂಗಿ ಖರೀದಿಯ ಲಂಚದ ಕಥೆಯಲ್ಲಿ ಇದು ಸರಿಯಾಗಿ ನಡೆಯಿತು. ಅದನ್ನು ಬಯಲಿಗೆಳೆದ ಪತ್ರಕರ್ತೆ ಚಿತ್ರಾ ಸುಬ್ರಮಣ್ಯಂ ಅವರಿಗೆ ದಾಖಲೆ ಕೊಟ್ಟವರು ಯಾರು ಅಂತ ವರ್ಷಗಟ್ಟಲೆ ಅವರು ಹೇಳಲಿಲ್ಲ. 2012ರಲ್ಲಿ ಸ್ವೀಡನ್‌ನ ನಿವೃತ್ತ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್ ತಾವಾಗಿಯೇ ಮುಂದೆ ಬಂದು, ಕೊಟ್ಟಿದ್ದು ನಾನೇ ಅಂದರು.

ಸ್ವೀಡನ್‌ನಲ್ಲಿ ಪತ್ರಿಕೆಗೆ ಸುದ್ದಿ ಕೊಟ್ಟವರು ಯಾರು ಅಂತ ಅಧಿಕಾರಿಗಳು ಕೆದಕುವುದಕ್ಕೇ ಸಂವಿಧಾನದ ತಡೆಯಿದೆ. ನಮ್ಮ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಕೊಡುವ ರಕ್ಷಣೆ ಆ ಕೌನ್ಸಿಲ್ ಮುಂದಷ್ಟೇ. ಪೊಲೀಸರು, ಕೋರ್ಟು ಕೇಳಿದರೆ ಅದು ಆಸರೆಗೆ ಬರುವುದಿಲ್ಲ. ತಾಲೂಕು ಕಚೇರಿಯ ಗುಮಾಸ್ತರೊಬ್ಬರು ಕಡತದ ಫೋಟೋ ತೆಗೆದು ಪತ್ರಕರ್ತರಿಗೆ ಕಳಿಸಿದರೆ, ಅವರ ಕೆಲಸ ಉಳಿಯುವುದು ಆ ಪತ್ರಕರ್ತರು ಬಾಯಿ ಬಿಡದಿದ್ದರೆ ಮಾತ್ರ. ಸ್ವೀಡನ್‌ನಂಥ ಕಾನೂನು ನಮಗೂ ಬೇಕು. ಇದನ್ನು ಪತ್ರಕರ್ತರ ಸಂಘಗಳು ಮಾತ್ರ ಕೇಳಿದರೆ ಸಾಲದು, ಓದುಗರಾದ ನಾವೂ ಕೇಳಬೇಕು.