ಟೋಪಿ ಹಾಕುವವನು, ಟೋಪಿ ಕೊಡುವವನು

ನಮ್ಮಲ್ಲಿ ಯಾರಾದರೂ ಟೋಪಿ ಹಾಕಿದ ಅಂದರೆ ದುಡ್ಡು ಹೋಯಿತು ಅಂತಲೇ ಅರ್ಥ. ಚೀಟಿ ನಡೆಸುವವನು ರಾತ್ರೋರಾತ್ರಿ ಊರು ಬಿಟ್ಟ ದಿನ ಇಡೀ ಬೀದಿಗೆ ಇದೇ ಮಾತು. ಆದರೆ ಆಸ್ಟ್ರೇಲಿಯಾದಲ್ಲಿ ಟೋಪಿಯಿಂದಲೇ ಮಕ್ಕಳ ಮನಸ್ಸು ಗೆದ್ದವನೊಬ್ಬ ಇದ್ದಾನೆ. ರಗ್ಬಿ ಲೀಗ್ ಆಡುತ್ತಿದ್ದ ಜೊನಾಥನ್ ಥರ್ಸ್ಟನ್.

ಈ ಆಟದಲ್ಲಿ ಬದಿಗೆ 13 ಜನ. ಚೆಂಡು ಹಿಡಿದು ಓಡುವವನನ್ನು ಎದುರಿನವರು ಕೆಡವಬೇಕು, ಆರು ಸಲ ಕೆಡವಿದರೆ ಚೆಂಡು ಅವರದ್ದು. ಕೆಡವುವುದು ಅಂದರೆ ಸುಮ್ನೆ ಮುಟ್ಟುವುದಲ್ಲ, ನೂರು ಕೆಜಿ ಆಳು ಓಡಿಬಂದು ಗುದ್ದುತ್ತಾನೆ. ಅದಕ್ಕೇ ಕೆಲವರು ತಲೆಗೆ ಮೆತ್ತನೆಯ ಸ್ಪಂಜಿನ ಟೋಪಿ ಕಟ್ಟಿಕೊಳ್ಳುತ್ತಾರೆ. ನಮ್ಮ ಬೈಕ್ ಹೆಲ್ಮೆಟ್‌ನಷ್ಟು ಗಟ್ಟಿ ಅಲ್ಲ. ಕಿವಿ ಹರಿಯದಂತೆ, ಹಣೆ ಸೀಳದಂತೆ ಕಾಯುತ್ತದೆ ಅಷ್ಟೇ, ಒಳಗಿನ ಮೆದುಳಿನ ಜವಾಬ್ದಾರಿ ಅದು ಹೊತ್ತಿಲ್ಲ. ಥರ್ಸ್ಟನ್ ಆ ಟೋಪಿ ಹಾಕಿಕೊಂಡೇ ಆಡುತ್ತಿದ್ದ, ಆಟ ಮುಗಿದ ಮೇಲೆ ಬೆವರಿನಲ್ಲಿ ನೆಂದ ಅದನ್ನೇ ಬಿಚ್ಚಿ ಬೇಲಿಯಾಚೆ ನಿಂತ ಯಾವುದಾದರೂ ಮಗುವಿಗೆ ಕೊಟ್ಟುಬಿಡುತ್ತಿದ್ದ.

ಮೈದಾನದೊಳಗೆ ಮಾತ್ರ ಅವನು ಹಾಕುತ್ತಿದ್ದದ್ದು ನಮ್ಮೂರ ಟೋಪಿಯೇ. ಚೆಂಡನ್ನು ಪಕ್ಕದವನಿಗೆ ಎಸೆಯುವ ಹಾಗೆ ಕೈ ಚಾಚುತ್ತಾನೆ, ಎದುರಿನವನು ಅತ್ತ ವಾಲುತ್ತಾನೆ, ನೋಡಿದರೆ ಚೆಂಡು ಇನ್ನೂ ಇವನ ಕೈಯಲ್ಲೇ! ಆ ಸಂದಿಯಲ್ಲಿ ನುಗ್ಗಿ ಆಗಲೇ ಹತ್ತು ಹೆಜ್ಜೆ ಮುಂದೆ. ವರ್ಷದ ಉತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಅವನಿಗೆ ನಾಲ್ಕು ಸಲ ಬಂದಿದೆ, ಮೊದಲನೆಯದು 2005ರಲ್ಲಿ, ಕೊನೆಯದು 2015ರಲ್ಲಿ.

ಕೊಡುವ ಚಾಳಿ ಮಾತ್ರ ಹಳೆಯದು. 2004ರಲ್ಲಿ ಬುಲ್‌ಡಾಗ್ಸ್ ತಂಡದಲ್ಲಿದ್ದಾಗ ಆಸ್ಟ್ರೇಲಿಯಾದ ಲೀಗ್‌ನ ಫೈನಲ್ ಗೆದ್ದರು. ನಾಯಕ ಸ್ಟೀವ್ ಪ್ರೈಸ್ ಗಾಯದಿಂದ ಆಡಿರಲಿಲ್ಲ. ಫೈನಲ್ ಗೆದ್ದ ಆಟಗಾರರಿಗೆ ಉಂಗುರ ಕೊಡುತ್ತಾರೆ, ಇವನು ತನಗೆ ಸಿಕ್ಕ ಉಂಗುರವನ್ನೇ ಅವನಿಗೆ ಕೊಟ್ಟ. ಇಪ್ಪತ್ತೊಂದು ವರ್ಷದ ಹುಡುಗ! ನಾನಾಗಿದ್ದರೆ ಉಂಗುರ ಹಾಕಿಕೊಂಡೇ ಮಲಗುತ್ತಿದ್ದೆ.

ಆಮೇಲೆ ಟೌನ್ಸ್‌ವಿಲ್‌ನ ಕೌಬಾಯ್ಸ್ ತಂಡಕ್ಕೆ ಹೋದ. ಅಲ್ಲಿ ಮತ್ತೊಂದು ಉಂಗುರಕ್ಕೆ 2015ರ ತನಕ ಕಾಯಬೇಕಾಯಿತು. ಬ್ರಿಸ್ಬೇನ್ ಬ್ರಾಂಕೋಸ್ ಎದುರಾಳಿ. ಸಮಯ ಮುಗಿಯುವ ಹೊತ್ತಿಗೆ ಕೈಲ್ ಫೆಲ್ಟ್ ಮೂಲೆಯಲ್ಲಿ ಚೆಂಡು ಊರಿ 16-16 ಮಾಡಿದ. ಥರ್ಸ್ಟನ್ ಅಂಚಿನಿಂದ ಒದ್ದ, ಎರಡು ಕಂಬಗಳ ನಡುವೆ ಹೋದರೆ ಕಪ್ಪು. ಚೆಂಡು ಕಂಬಕ್ಕೆ ಬಡಿದು ಆಚೆ ಹಾರಿತು. ಎಷ್ಟು ಸಲ ನೋಡಿದರೂ ಈ ಸಲ ಒಳಗೆ ಹೋಗುತ್ತೇನೋ ಅನ್ನಿಸುತ್ತದೆ, ಅಲ್ವಾ? ಆಗಿನ ನಿಯಮದಂತೆ ಹೆಚ್ಚುವರಿ ಆಟದಲ್ಲಿ ಮೊದಲು ಅಂಕ ತೆಗೆದವರು ಗೆದ್ದಂತೆ. ಅದೇ ಕಾಲಿಂದ ಅವನೇ ಇನ್ನೊಂದು ಒದ್ದ, 17-16. ಕೌಬಾಯ್ಸ್‌ಗೆ ಅದೇ ಮೊದಲ ಕಪ್ಪು.

2018ರಲ್ಲಿ ನಿವೃತ್ತನಾದ, ಲೀಗ್‌ನಲ್ಲಿ 323 ಪಂದ್ಯ ಆಡಿ. ಲೆಕ್ಕ ಹಾಕಿದರೆ ಎಷ್ಟು ಮನೆಗಳಲ್ಲಿ ಎಷ್ಟು ಟೋಪಿ ಇರಬಹುದು! ಮೊದಮೊದಲು ಪಡೆದ ಮಕ್ಕಳಿಗೆ ಈಗ ಮೀಸೆ ಬಂದಿರುತ್ತದೆ. ನನಗಿರುವ ಕುತೂಹಲ ಒಂದೇ. ಅವರ ಅಮ್ಮಂದಿರು ಅದನ್ನು ಒಗೆದರೋ, ಇಲ್ಲಾ ಒಗೆಯೋಕೆ ಮಕ್ಕಳು ಬಿಡಲಿಲ್ಲವೋ?